ಪುಡಿಗೆ ಕೊಬ್ಬರಿ ಯಾವಾಗ?

ಶಿವರಾತ್ರಿ ಕಳೆದು ಯುಗಾದಿ ಬರುವುದರೊಳಗೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮನೆಗಳಲ್ಲಿ ವರ್ಷದ ಪುಡಿಗಳ ಕೆಲಸ ಮುಗಿಯಬೇಕು. ಹೊಸ ಬ್ಯಾಡಗಿ ಮೆಣಸಿನಕಾಯಿ ಬಂದಿರುತ್ತದೆ, ಬಿಸಿಲು ಗಟ್ಟಿಯಾಗಿರುತ್ತದೆ, ಗಾಳಿಯಲ್ಲಿ ಪಸೆ ಇರುವುದಿಲ್ಲ. ಸಾರಿನ ಪುಡಿ, ಹುಳಿಪುಡಿಯ ಸಾಮಾನು ಹುರಿದು ಮಿಲ್ಲಿಗೆ ಹೋಗುತ್ತದೆ. ಬಿಸಿಬೇಳೆಬಾತು, ವಾಂಗಿಬಾತು, ಪುಳಿಯೋಗರೆ ಪುಡಿಗಳ ದಾರಿ ಬೇರೆ. ಅವಕ್ಕೆ ಕೊಬ್ಬರಿ ಬೇಕು. ಕೊಬ್ಬರಿ ಬಿದ್ದ ಪುಡಿ ಬಹಳ ದಿನ ತಡೆಯುವುದಿಲ್ಲ. ಈ ತೊಡಕನ್ನು ಮುಂದಿಟ್ಟುಕೊಂಡು ಇಬ್ಬರು ಮಾತಾಡುತ್ತಿದ್ದಾರೆ. ಒಬ್ಬರು ಅರವತ್ತೈದು ದಾಟಿದ, ತೋಟದ ಮನೆಯ ಹೆಂಗಸು. ಇನ್ನೊಬ್ಬಳು ಅವರ ತಂಗಿಯ ಮಗಳು. ಬೆಂಗಳೂರಿನ ಕೆಲಸ ಬಿಟ್ಟು ಬಂದು, ಊರಿನ ಸ್ವಸಹಾಯ ಸಂಘದ ಹೆಂಗಸರ ಜೊತೆ ಸೇರಿ ಬಾತಿನ ಪುಡಿ ಮಾಡಿ ಮಾರಬೇಕೆಂದಿದ್ದಾಳೆ.

ಮಗಳು: ದೊಡ್ಡಮ್ಮ, ಅಳತೆ ಹೇಳು, ಬರ್ಕೊಳ್ತೀನಿ. ಬಿಸಿಬೇಳೆಬಾತಿನ ಪುಡಿಯಿಂದಾನೇ ಶುರು ಮಾಡೋಣ.

ದೊಡ್ಡಮ್ಮ: ಬರ್ಕೋ. ಧನಿಯ ಎಷ್ಟೋ ಕಡ್ಲೆಬೇಳೆ ಅಷ್ಟು. ಉದ್ದಿನಬೇಳೆ ಅದರರ್ಧ. ಧನಿಯ ಒಂದು ಬಟ್ಟಲು ಅಂದ್ರೆ ಮೆಂತ್ಯ ಒಂದೇ ಚಮಚ, ಜಾಸ್ತಿಯಾದ್ರೆ ಕಹಿ. ಜೀರಿಗೆ, ಗಸಗಸೆ ಎರಡೆರಡು ಚಮಚ. ಚಕ್ಕೆ ನಾಲ್ಕು ತುಂಡು, ಲವಂಗ ಹತ್ತು, ಏಲಕ್ಕಿ ಆರು, ಮರಾಠಿ ಮೊಗ್ಗು ಆರು. ಬ್ಯಾಡಗಿ ಮೆಣಸಿನಕಾಯಿ ಎರಡು ಹಿಡಿ ತುಂಬ. ಖಾರ ಬೇಕು ಅನ್ನೋರು ಗುಂಟೂರಿನದು ನಾಲ್ಕೈದು ಸೇರಿಸ್ಕೊಳ್ಳಲಿ. ಕೊಬ್ಬರಿ ತುರಿ ಒಂದು ಬಟ್ಟಲು.

ಮಗಳು: ಹಿಡಿ ಅಂದ್ರೆ ಯಾರ ಹಿಡಿ? ನಿನ್ನದಾ, ನನ್ನದಾ? ಗ್ರಾಮಲ್ಲಿ ಬೇಕು ನನಗೆ.

ದೊಡ್ಡಮ್ಮ: ಗ್ರಾಮಲ್ಲಿ ಬೇಕಾದ್ರೆ ತಕ್ಕಡಿ ತಗೊಂಡು ಬಾ, ನಾನು ಹಾಕ್ತೀನಿ, ನೀನು ತೂಗು. ಆದ್ರೆ ತೂಗಿದ ಮಾತ್ರಕ್ಕೆ ಪುಡಿ ಆಗಲ್ಲ. ಯಾವ ಎರಡನ್ನೂ ಒಟ್ಟಿಗೆ ಹುರೀಬಾರದು, ಅದನ್ನ ಮೊದಲು ಬರ್ಕೋ. ಕಡ್ಲೆಬೇಳೆ ಒಳಗಿನ ತನಕ ಕೆಂಪಾಗ್ಬೇಕು, ಅದಕ್ಕೆ ಸಣ್ಣ ಉರೀಲಿ ಹೊತ್ತು ಹಿಡಿಯುತ್ತೆ. ಧನಿಯ ಅಷ್ಟು ಹೊತ್ತು ಬಾಣಲೇಲಿ ಇದ್ರೆ ಕರಕಲು. ಗಸಗಸೆ ಚಿಟಪಟ ಅಂದ ತಕ್ಷಣ ತೆಗೀಬೇಕು. ಮೆಣಸಿನಕಾಯಿಗೆ ಒಂದು ತೊಟ್ಟು ಎಣ್ಣೆ ಬಿಟ್ಟು ಗರಿಗರಿ ಮಾಡ್ಬೇಕು, ಬಣ್ಣ ಕಪ್ಪಾಗ್ಬಾರದು. ಕೊನೇಲಿ ಒಲೆ ಆರಿಸಿ, ಬಾಣಲೆ ಕಾವಿಗೇ ಆಗ್ಲೇ ಹುರಿದಿಟ್ಟ ಚಕ್ಕೆ, ಮೊಗ್ಗು, ಲವಂಗದ ಜೊತೆ ಕೊಬ್ಬರಿ ಹಾಕಿ ಕೈಯಾಡಿಸೋದು.

ಮಗಳು: ಆ ಕೊಬ್ಬರಿ ಹತ್ತಿರಾನೇ ನನ್ನ ಲೆಕ್ಕ ನಿಂತುಬಿಡುತ್ತೆ. ಅದನ್ನ ಪುಡಿಯಿಂದ ಹೊರಗೆ ಇಟ್ರೆ ಹೇಗೆ? ಮಿಕ್ಕಿದ್ದೆಲ್ಲ ಸೇರಿಸಿ ಬೀಸಿಬಿಡೋಣ. ಅಡುಗೆ ಮಾಡೋರು ಕೊನೇಲಿ ಎರಡು ಚಮಚ ಕೊಬ್ಬರಿ ತುರಿದು ಹಾಕ್ಕೊಳ್ಳಲಿ. ಕೊಬ್ಬರೀಲಿ ಅರವತ್ತು ಪಾಲಿಗಿಂತ ಹೆಚ್ಚು ಎಣ್ಣೇನೇ. ಪುಡಿಯಾದ ಮೇಲೆ ಸ್ವಲ್ಪ ಪಸೆ ತಾಗಿದ್ರೂ ಸಾಕು, ಕಮಟು ಹಿಡಿದು ಸೋಪಿನ ವಾಸನೆ ಬರುತ್ತೆ. ಆ ಒಂದು ಸಾಮಾನಿಗೋಸ್ಕರ ಹನ್ನೆರಡು ಸಾಮಾನು ಹಾಳಾಗ್ಬೇಕಾ?

ದೊಡ್ಡಮ್ಮ: ಹೊರಗಿಟ್ಟರೆ ಅದು ನಮ್ಮ ಪುಡಿ ಅಲ್ಲ ಕಣೇ. ಕೊಬ್ಬರೀನ ಬಿಸಿ ಬಾಣಲೇಲಿ ಚಕ್ಕೆ, ಮೊಗ್ಗು, ಲವಂಗದ ಜೊತೆ ಆಡಿಸಿದಾಗ ಅದರ ಎಣ್ಣೆ ಬಿಡುತ್ತೆ, ಮಸಾಲೆ ಘಮಲನ್ನೆಲ್ಲ ಆ ಎಣ್ಣೆ ಹಿಡಿದಿಟ್ಟುಕೊಳ್ಳುತ್ತೆ. ಬೇರೆ ತುರಿದು ಮೇಲೆ ಹಾಕಿದ್ರೆ ಕೊಬ್ಬರಿ ರುಚಿ ಬೇರೆ ಬರುತ್ತೆ, ಮಸಾಲೆ ರುಚಿ ಬೇರೆ ಬರುತ್ತೆ. ಎರಡೂ ಕೂಡಲ್ಲ.

ಹೊರಗಿನ ಓದುಗರಿಗೆ ಇಲ್ಲಿ ಸ್ವಲ್ಪ ಹೇಳಬೇಕು. ಈ ಸೀಮೆಯ ಉಂಡೆ ಕೊಬ್ಬರಿ, ಕಾಯಿ ಒಡೆದು ಹೋಳನ್ನು ಬಿಸಿಲಿಗೆ ಹಾಕಿ ಒಣಗಿಸಿದ್ದಲ್ಲ. ಚೆನ್ನಾಗಿ ಬಲಿತ ಕಾಯಿಯನ್ನು ಸಿಪ್ಪೆಸಮೇತ ಅಟ್ಟದ ಮೇಲೆ ಪೇರಿಸಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ತಾನಾಗಿಯೇ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತದೆ. ಆಮೇಲೆ ಸುಲಿದು, ಚಿಪ್ಪು ಒಡೆದು, ಇಡೀ ಉಂಡೆಯನ್ನು ಹೊರತೆಗೆಯುತ್ತಾರೆ. ಎಣ್ಣೆಗೆ ಹೋಗುವ ಹೋಳು ಕೊಬ್ಬರಿಗೂ ತಿನ್ನುವ ಉಂಡೆ ಕೊಬ್ಬರಿಗೂ ಕೇಂದ್ರ ಸರ್ಕಾರ ಬೇರೆ ಬೇರೆ ಬೆಂಬಲ ಬೆಲೆ ಕಟ್ಟುತ್ತದೆ. 2025ರ ಹಂಗಾಮಿಗೆ ಕ್ವಿಂಟಲಿಗೆ ಹೋಳಿನದು 11,582 ರೂಪಾಯಿ, ಉಂಡೆಯದು 12,100. ಹೆಚ್ಚುಕಡಿಮೆ ಒಂದು ವರ್ಷ ಅಟ್ಟದಲ್ಲಿ ಕಾದ ಕಾಯಿಗೆ ತನ್ನದೇ ಒಂದು ಸಿಹಿ ಇರುತ್ತದೆ. ಅದನ್ನು ಡಬ್ಬಿಯೊಳಗೆ ಕಮಟು ಹಿಡಿಸಿ ಎಸೆಯುವುದು ನನಗೂ ಸಂಕಟದ ವಿಷಯ. ಹಾಗೆಂದು ಅದಿಲ್ಲದ ಬಿಸಿಬೇಳೆಬಾತನ್ನು ಈ ಊರಿನ ಹೆಸರಲ್ಲಿ ಬಡಿಸುವುದೂ ಸರಿಯೆನಿಸುವುದಿಲ್ಲ.

ಮಗಳು: ಪುಳಿಯೋಗರೆಗೆ ನೀನೇ ಕೊಬ್ಬರೀನ ಹೊರಗೆ ಇಡ್ತೀಯ ದೊಡ್ಡಮ್ಮ. ಮೆಂತ್ಯ, ಮೆಣಸು, ಸಾಸಿವೆ, ಜೀರಿಗೆ, ಎಳ್ಳು ಹುರಿದು ಪುಡಿ ಮಾಡಿ, ಹುಣಸೆ ಬೆಲ್ಲದ ಗೊಜ್ಜು ಕುದಿಸಿ ಇಟ್ಕೊಳ್ತೀಯ. ಕೊಬ್ಬರಿ ಬೀಳೋದು ಅನ್ನ ಕಲಸೋವಾಗ. ಅಲ್ಲಿ ನಡೆಯುತ್ತೆ, ಇಲ್ಲಿ ಯಾಕೆ ನಡೆಯಲ್ಲ?

ದೊಡ್ಡಮ್ಮ: ಪುಳಿಯೋಗರೇಲಿ ಕೊಬ್ಬರಿ ಹಲ್ಲಿಗೆ ಸಿಗ್ಬೇಕು. ಹುಳಿ, ಖಾರ, ಬೆಲ್ಲದ ಮಧ್ಯೆ ಅದನ್ನ ಅಗಿದಾಗ ಬಾಯಿಗೆ ಸ್ವಲ್ಪ ಸಮಾಧಾನ ಸಿಗುತ್ತೆ. ಬಿಸಿಬೇಳೇಲಿ ಅದು ಸಿಗಲೇಬಾರದು. ಬೇಳೆ, ಅನ್ನ, ಹುಳಿ ಎಲ್ಲ ಒಂದಾಗೋಕೆ ಅದು ಕರಗಿ ಹೋಗ್ಬೇಕು. ಕೆಲಸ ಬೇರೆ, ಅದಕ್ಕೇ ಹಾಕೋ ಹೊತ್ತೂ ಬೇರೆ.

ಮಗಳು: ಒಪ್ತೀನಿ. ವಾಂಗಿಬಾತಿಗೆ?

ದೊಡ್ಡಮ್ಮ: ಅದು ನಡುವಿನದು. ಜೀರಿಗೆ, ಮೆಂತ್ಯ, ಗಸಗಸೆ ನಮ್ಮನೇಲಿ ಅದಕ್ಕೆ ಹಾಕಲ್ಲ. ಬೇಳೆಗಳು, ಧನಿಯ, ಮೆಣಸಿನಕಾಯಿ, ಚಕ್ಕೆ, ಲವಂಗ, ಮೊಗ್ಗು, ಅಷ್ಟೇ. ಕೊಬ್ಬರಿ ಅರ್ಧ ಪುಡಿಗೆ, ಅರ್ಧ ಮೇಲಕ್ಕೆ. ಅದರಲ್ಲಿ ಬೇಕಾದ್ರೆ ನಿನ್ನ ಮಾತು ಕೇಳ್ತೀನಿ.

ಮಗಳು: ಸರಿ, ಬಿಸಿಬೇಳೆಯದೇ ಹಿಡ್ಕೊಳ್ಳೋಣ. ಕೊಬ್ಬರಿ ಸೇರಿಸಿ ಮಾಡಿದ ಪುಡಿ ಎಷ್ಟು ದಿನ ಇಡ್ತೀಯ?

ದೊಡ್ಡಮ್ಮ: ಬೇಸಿಗೇಲಿ ಒಂದೂವರೆ ತಿಂಗಳು. ಮಳೆಗಾಲದಲ್ಲಿ ಒಂದು ತಿಂಗಳೂ ಕಷ್ಟ. ಅದಕ್ಕೇ ಒಂದು ಸೇರು ಮಾಡಿಟ್ಟುಕೊಳ್ಳೋದು ನಮ್ಮ ರೂಢಿ ಅಲ್ಲ. ಹಬ್ಬಕ್ಕೆ, ನೆಂಟರು ಬಂದಾಗ, ಬೇಕಾದಷ್ಟು.

ಮಗಳು: ಬೇಕಾದಾಗ ಮಾಡ್ಕೋ ಅನ್ನೋಕೆ ಮನೇಲಿ ಒಬ್ಬರು ಇರ್ಬೇಕಲ್ಲ. ಹನ್ನೆರಡು ಸಾಮಾನು ಬೇರೆ ಬೇರೆ ಹುರಿದು, ಆರಿಸಿ, ಪುಡಿ ಮಾಡಿ, ಜರಡಿ ಹಿಡಿದು, ಆಮೇಲೆ ಅಡುಗೆ. ಒಂದು ಹೊತ್ತು ಪೂರ್ತಿ ಅದಕ್ಕೇ. ನಿನ್ನ ಪುಡಿ ಹೊಗಳೋರು ಬಹಳ ಜನ. ನಿನ್ನ ಕೈಗೆ ಯಾರಾದ್ರೂ ಕೂಲಿ ಕೊಟ್ರಾ?

ದೊಡ್ಡಮ್ಮ: ಕೂಲಿ ಅಂತ ಮಾಡಿದ್ದಲ್ಲವಲ್ಲ ಮಗ.

ಮಗಳು: ಗೊತ್ತು. ಆದ್ರೂ ಕೇಳ್ತೀನಿ. ತೋಟಕ್ಕೆ ಕಾಯಿ ಕೆಡವೋಕೆ ಬಂದೋನಿಗೆ ಕೂಲಿ ಉಂಟು, ಕೊಬ್ಬರಿ ಸುಲಿಯೋನಿಗೆ ಉಂಟು, ಮಂಡಿಗೆ ಹೊತ್ತುಕೊಂಡು ಹೋಗೋನಿಗೆ ಉಂಟು. ಅದೇ ಕೊಬ್ಬರಿ ಒಳಮನೆಗೆ ಬಂದ ಮೇಲೆ ಅದರ ಮೇಲೆ ಬೀಳೋ ಕೆಲಸಕ್ಕೆ ಬೆಲೇನೇ ಇಲ್ಲ. ಸಂಘದ ಹೆಂಗಸರು ಕೇಳ್ತಿರೋದು ಅಷ್ಟೇ.

ಈ ಮಾತಿಗೆ ದೊಡ್ಡಮ್ಮ ತಕ್ಷಣ ಉತ್ತರ ಕೊಡುವುದಿಲ್ಲ. ನನಗೂ ಇದಕ್ಕೆ ಎದುರು ಮಾತು ತೋಚುವುದಿಲ್ಲ. ಕೈರುಚಿ ಎಂದು ಹೊಗಳಿದ ಬಹಳ ಮನೆಗಳಲ್ಲಿ, ಆ ಕೈಗೆ ಎಷ್ಟು ಹೊತ್ತು ಹಿಡಿಯಿತು ಎಂದು ಯಾರೂ ಕೇಳಿಲ್ಲ.

ದೊಡ್ಡಮ್ಮ: ಅದನ್ನ ಅಲ್ಲಗಳೆಯಲ್ಲ. ನನ್ನ ಸೊಸೆ ಅಂಗಡಿ ಪುಡಿ ತಂದು ಬಾತು ಮಾಡಿದಾಗ ನಾನು ಒಂದು ಮಾತೂ ಅಂದಿಲ್ಲ, ತಿಂದಿದ್ದೀನಿ. ಅವಳು ಶಾಲೆಗೆ ಹೋಗಿ ಪಾಠ ಮಾಡಿ ಬರ್ತಾಳೆ, ಅವಳಿಗೆಲ್ಲಿ ಹೊತ್ತು? ಆದ್ರೆ ಒಂದು ಕೇಳ್ತೀನಿ. ಅಂಗಡಿ ಪುಡಿ ಆಗ್ಲೇ ಇದೆಯಲ್ಲ. ನೀನು ಮಾಡೋ ಪುಡಿ ಅದರ ಥರಾನೇ ಆಗೋದಾದ್ರೆ ನೀನು ಯಾಕೆ ಬೇಕು?

ಮಗಳು: ಅಂಗಡಿ ಪುಡಿ ಹುಟ್ಟಿದ್ದೂ ಕಷ್ಟದಲ್ಲೇ. ಎಂಟಿಆರ್ ಹೋಟೆಲ್ ಶುರುವಾದದ್ದು 1924ರಲ್ಲಿ. ತುರ್ತು ಪರಿಸ್ಥಿತಿ ಕಾಲದಲ್ಲಿ ಸರ್ಕಾರ ಹೋಟೆಲ್ ತಿಂಡಿಗೆ ತೀರಾ ಕಡಿಮೆ ಬೆಲೆ ಕಟ್ಟಿತು. ಆ ಬೆಲೆಗೆ ಅದೇ ರುಚಿ ಕೊಡೋಕಾಗದೆ ಹೋಟೆಲ್ ಮುಚ್ಚಿ, ಪುಡಿ, ಮಿಕ್ಸ್‌ಗಳನ್ನ ಪೊಟ್ಟಣ ಕಟ್ಟಿ ಮಾರೋಕೆ ಇಳಿದ್ರು. ಅಡುಗೆಮನೆ ಪುಡಿ ಅಂಗಡಿಗೆ ಹೋದ್ರೆ ಕೀಳಾಗಲ್ಲ ಅನ್ನೋಕೆ ಅದೇ ಸಾಕ್ಷಿ.

ದೊಡ್ಡಮ್ಮ: ಆ ಪುಡಿ ಕಂಪನಿ ಈಗ ಯಾರದು?

ಮಗಳು: 2007ರಲ್ಲಿ ನಾರ್ವೆ ದೇಶದ ಆರ್ಕ್ಲಾ ಅನ್ನೋ ಕಂಪನಿ ಕೊಂಡುಕೊಂಡಿತು. ಮತ್ತೆ ತೆರೆದಿದ್ದ ಹೋಟೆಲ್ ಮನೆತನದವರ ಹತ್ತಿರಾನೇ ಉಳೀತು.

ದೊಡ್ಡಮ್ಮ: ನೋಡು, ಅಲ್ಲೂ ಪುಡಿ ಒಂದು ದಾರಿ, ಬಿಸಿ ಅಡುಗೆ ಒಂದು ದಾರಿ. ತಪ್ಪು ಅಂತ ಹೇಳ್ತಿಲ್ಲ. ಪುಡಿ ದೂರ ಹೋಗ್ಬೇಕಾದ್ರೆ ಕೆಡದೇ ಇರೋ ಥರ ಆಗ್ಬೇಕು. ಕೆಡದೇ ಇರೋ ಥರ ಆಗ್ಬೇಕಾದ್ರೆ ಏನನ್ನೋ ಬಿಡ್ಬೇಕು. ನಮ್ಮಲ್ಲಿ ಬಿಡೋ ಸರದಿ ಬರೋದು ಕೊಬ್ಬರಿಗೆ.

ಮಗಳು: ಬಿಟ್ಟರೂ ಪರವಾಗಿಲ್ಲ, ಬೇಡದ್ದು ಸೇರಬಾರದು ಅನ್ನೋದು ನನ್ನ ಯೋಚನೆ. 2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್, ಸಿಂಗಪುರದವರು ನಮ್ಮ ದೇಶದ ಕೆಲವು ದೊಡ್ಡ ಮಸಾಲೆ ಪೊಟ್ಟಣಗಳನ್ನ ಎಥಿಲೀನ್ ಆಕ್ಸೈಡ್ ಇದೆ ಅಂತ ಅಂಗಡಿಯಿಂದ ವಾಪಸ್ ತೆಗೆಸಿದ್ರು. ಹುಳ, ಬೂಷ್ಟು ಸಾಯಿಸೋಕೆ ಬಳಸೋ ಅನಿಲ ಅದು. ನಮ್ಮ ಪುಡೀಲಿ ಬಿಸಿಲು ಬಿಟ್ಟು ಬೇರೆ ಯಾವುದೂ ಇರಲ್ಲ ಅಂತ ಧೈರ್ಯವಾಗಿ ಹೇಳ್ಬಹುದು.

ದೊಡ್ಡಮ್ಮ: ಹೇಳ್ಬಹುದು, ನೀನು ಹುರಿಯೋ ತನಕ. ಐವತ್ತು ಕೆಜಿ ಮಾಡುವಾಗ ಬಾಣಲೆ ಮುಂದೆ ಯಾರು ಕೂತಿರ್ತಾರೆ? ಮೆಣಸಿನಕಾಯಿ ಯಾವ ಚೀಲದ್ದು, ಎಷ್ಟು ಬಿಸಿಲು ಕಂಡಿದೆ? ನಾನು ತೊಟ್ಟು ಮುರಿದು ನೋಡ್ತೀನಿ. ಟಪ್ ಅಂತ ಮುರಿದ್ರೆ ಹುರಿಯೋಕೆ ಸರಿ, ಬಾಗಿದ್ರೆ ಇನ್ನೊಂದು ಬಿಸಿಲು. ಇದನ್ನ ಯಾರಿಗೆ ಕಲಿಸ್ತೀಯ?

ಮಗಳು: ನಿನ್ನಿಂದಲೇ ಕಲಿಸ್ತೀನಿ. ಅದಕ್ಕೇ ಬಂದಿರೋದು. ನೀನು ಹೇಳದೇ ಹೋದ್ರೆ ಇದು ನಿನ್ನ ಜೊತೆಗೇ ಹೋಗುತ್ತೆ.

ದೊಡ್ಡಮ್ಮ: ಅಷ್ಟು ಹಳೇದೂ ಅಲ್ಲ ಬಿಡು ಇದು. ನಾನು ಈ ಮನೆಗೆ ಬಂದಾಗ ಬಾತು ಅನ್ನೋದೇ ಇರಲಿಲ್ಲ. ಮುದ್ದೆ, ಉಪ್ಸಾರು, ಬಸ್ಸಾರು, ಹುರುಳಿಕಟ್ಟಿನ ಸಾರು. ಅನ್ನ ಅಂದ್ರೆ ಹಬ್ಬ, ಇಲ್ಲ ಕಾಯಿಲೆ. ವರ್ಷಕ್ಕೆ ಮಾಡ್ತಿದ್ದಿದ್ದು ಒಂದೇ ಪುಡಿ, ಸಾರಿಂದು. ಈ ಬಾತಿನ ಪುಡಿ ಕಲಿತಿದ್ದು ಮದುವೆಮನೆ ಭಟ್ಟರು ಹುರಿಯೋದನ್ನ ನೋಡಿ, ಪೇಟೆ ನೆಂಟರ ಮನೇಲಿ ತಿಂದು.

ಮಗಳು: ಮತ್ತೆ ಇಷ್ಟು ಹೊತ್ತು ನಮ್ಮ ಪುಡಿ, ನಮ್ಮ ಪದ್ಧತಿ ಅಂತಿದ್ದೆ!

ದೊಡ್ಡಮ್ಮ: ನಲವತ್ತು ವರ್ಷ ಮಾಡಿದ ಮೇಲೆ ನಮ್ಮದಾಗ್ದೇ ಇರುತ್ತಾ?

ಮಗಳು: ಆಗುತ್ತೆ, ಅದಕ್ಕೇ ಬದಲಾಯಿಸೋ ಹಕ್ಕೂ ನಮ್ಮದೇ ಅಂತೀನಿ. ಕನ್ನಡದಲ್ಲಿ ಸಾವಿರದ ಇಪ್ಪತ್ತೈದರ ಸುಮಾರಿಗೆ ಚಾವುಂಡರಾಯ ಅನ್ನೋ ಕವಿ ಲೋಕೋಪಕಾರ ಬರೆದ, ಅದರಲ್ಲಿ ಅಡುಗೆಗೂ ಜಾಗ ಇದೆ. ಹದಿನಾರನೇ ಶತಮಾನದ ಮೊದಲಲ್ಲಿ ಮೂರನೇ ಮಂಗರಸ ಸೂಪಶಾಸ್ತ್ರ ಅಂತ ಅಡುಗೆಗೇ ಒಂದು ಕಾವ್ಯ ಬರೆದ. ಎರಡರಲ್ಲೂ ಮೆಣಸಿನಕಾಯಿ ಇಲ್ಲ. ಅದು ಅಮೆರಿಕದ ಗಿಡ, ಪೋರ್ಚುಗೀಸರ ಹಡಗಿನಲ್ಲಿ ಆಮೇಲೆ ಬಂದದ್ದು. ಈಗ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಮಾನ್ಯತೆ ಸಿಕ್ಕು ಅದು ಆ ಊರಿನ ಆಸ್ತಿಯಾಗಿದೆ. ಹೊರಗಿಂದ ಬಂದ ಕಾಯಿ ಪುಡಿಯ ಯಜಮಾನ ಆಗೋದಾದ್ರೆ, ಕೊಬ್ಬರಿ ಒಂದು ಗಳಿಗೆ ತಡವಾಗಿ ಬಂದ್ರೆ ಏನಾಯ್ತು?

ದೊಡ್ಡಮ್ಮ: ಬಂದಿದ್ದನ್ನ ಬೇಡ ಅನ್ನೋಳಲ್ಲ ನಾನು. ಬಣ್ಣಕ್ಕೆ ಬ್ಯಾಡಗಿ ಬಿಟ್ಟರೆ ಇಲ್ಲ. ಆದ್ರೆ ಆ ಕಾಯಿ ಒಳಗೆ ಬಂದಾಗ ರುಚಿ ಹೆಚ್ಚಾಯ್ತು ಅಂತ ಇಟ್ಕೊಂಡ್ರು. ನೀನು ಕೊಬ್ಬರಿ ಆಚೆಗೆ ಇಡ್ತಿರೋದು ರುಚಿಗಲ್ಲ, ಅಂಗಡಿ ಕಪಾಟಿಗೆ.

ದೊಡ್ಡಮ್ಮನ ಈ ಮಾತು ಹುಡುಗಿಗೆ ತಾಗುತ್ತದೆ. ಅವಳ ಉತ್ತರ ಈ ಸಲ ಬೇರೆ ದೇಶದಿಂದ ಬರುತ್ತದೆ.

ಮಗಳು: ಕಪಾಟಿಗೆ ಮಾತ್ರ ಅಲ್ಲ. ಇಂಡೋನೇಷ್ಯಾದಲ್ಲಿ ಸೆರುಂಡೆಂಗ್ ಅಂತ ಮಾಡ್ತಾರೆ. ತೆಂಗಿನ ತುರೀನ ಧನಿಯ, ಮೆಣಸಿನಕಾಯಿ, ಹುಣಸೆ, ಬೆಲ್ಲದ ಜೊತೆ ಸಣ್ಣ ಉರೀಲಿ ಕೆಂಪಗೆ ಗರಿಗರಿಯಾಗೋ ತನಕ ಹುರಿದು, ಬಿಸಿ ಅನ್ನದ ಮೇಲೆ ಉದುರಿಸ್ಕೊಳ್ತಾರೆ. ಮಲೇಷ್ಯಾದಲ್ಲಿ ತುರಿ ಹುರಿದು, ಎಣ್ಣೆ ಬಿಡೋ ತನಕ ಕುಟ್ಟಿ, ಕೆರಿಸಿಕ್ ಅಂತ ಇಟ್ಕೊಂಡು ಅನ್ನಕ್ಕೆ, ಸಾರಿಗೆ ಹಾಕ್ತಾರೆ. ಅವರೂ ನಮ್ಮ ಹಾಗೇ ತೆಂಗು, ಅಕ್ಕಿ ಇರೋ ಜನ. ನಾವೂ ಹಾಗೆ ಎರಡು ಪೊಟ್ಟಣ ಕೊಡೋಣ. ಒಂದರಲ್ಲಿ ಮಸಾಲೆ ಪುಡಿ. ಇನ್ನೊಂದು ಚಿಕ್ಕದರಲ್ಲಿ ಹುರಿದ ಕೊಬ್ಬರಿ ತುರಿ, ಅದರ ಜೊತೆಗೇ ಆಡಿಸಿದ ಚಕ್ಕೆ, ಮೊಗ್ಗು. ನಿನ್ನ ಘಮಲನ್ನ ಹಿಡಿಯೋ ಎಣ್ಣೆ ಅಲ್ಲೇ ಇರುತ್ತೆ. ಕೆಟ್ಟರೆ ಚಿಕ್ಕದು ಕೆಡುತ್ತೆ, ದೊಡ್ಡದು ಉಳಿಯುತ್ತೆ.

ದೊಡ್ಡಮ್ಮ: ಇದು ಯೋಚನೆ ಮಾಡೋ ಮಾತು. ಆ ಸೆರುಂಡೆಂಗು ಅನ್ನೋದು ನಮ್ಮ ಕೊಬ್ಬರಿ ಚಟ್ನಿಪುಡಿಗೆ ಹತ್ತಿರದ ನೆಂಟು. ಆದ್ರೆ ಅವರದು ಹಸಿಕಾಯಿ ತುರಿ, ನೀರೆಲ್ಲ ಹೋಗೋ ತನಕ ಹುರಿಯೋಕೆ ಅವಕಾಶ ಇದೆ. ನಮ್ಮ ಕೊಬ್ಬರಿ ಆಗ್ಲೇ ಒಣಗಿರೋದು, ಕಣ್ಣು ಮಿಟುಕಿಸೋದರಲ್ಲಿ ಕಂದುತ್ತೆ. ಮಾಡಿ ನೋಡ್ದೇ ಹೇಳಲ್ಲ.

ಮಗಳು: ಮಾಡಿ ನೋಡೋಣ. ಇನ್ನು ಬೆಲೆ. 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ 11,750 ಅಂತ ಇದ್ರೂ ತಿಪಟೂರು ಮಾರುಕಟ್ಟೇಲಿ ಎಂಟು ಸಾವಿರದ ಆಸುಪಾಸಿಗೆ ಇಳಿದಿತ್ತು. ಅಪ್ಪ ಚೀಲ ಕಟ್ಟಿಟ್ಟು ನಾಫೆಡ್ ಖರೀದಿ ಕೇಂದ್ರದ ದಾರಿ ಕಾದ್ರು. ಅವತ್ತೇ ನಾನು ಯೋಚನೆ ಮಾಡಿದ್ದು, ಇಷ್ಟು ಒಳ್ಳೇ ಕೊಬ್ಬರೀನ ಉಂಡೆಯಾಗೇ ಯಾಕೆ ಮಾರ್ಬೇಕು ಅಂತ.

ದೊಡ್ಡಮ್ಮ: ಲೆಕ್ಕ ಹಾಕು ನೋಡೋಣ. ಒಂದು ಕೆಜಿ ಪುಡಿಗೆ ಎಷ್ಟು ಕೊಬ್ಬರಿ?

ಮಗಳು: ಕಾಲು ಕೆಜಿ ಅಂತ ಇಟ್ಕೊಳ್ಳೋಣ.

ದೊಡ್ಡಮ್ಮ: ನಿಮ್ಮ ಸಂಘ ವರ್ಷಕ್ಕೆ ಒಂದು ಟನ್ ಪುಡಿ ಮಾಡಿದ್ರೂ ಖರ್ಚಾಗೋದು ಎರಡೂವರೆ ಕ್ವಿಂಟಲ್. ಅಷ್ಟು ಕೊಬ್ಬರಿ ಮಂಡೀಲಿ ಒಂದು ಅಂಗಡಿ ಮೂಲೆಗೂ ಸಾಲ್ದು. ಪುಡಿಯಿಂದ ಕೊಬ್ಬರಿ ರೇಟು ಏಳುತ್ತೆ ಅಂತ ತೋಟದೋರಿಗೆ ಆಸೆ ಹುಟ್ಟಿಸ್ಬೇಡ.

ಮಗಳು: ಹುಟ್ಟಿಸಲ್ಲ. ರೇಟು ಎತ್ತೋಕಲ್ಲ, ಹತ್ತು ಹೆಂಗಸರ ಕೈಗೆ ತಿಂಗಳು ತಿಂಗಳು ದುಡ್ಡು ಬರೋಕೆ. ತುಮಕೂರು ಜಿಲ್ಲೆಗೆ ತೆಂಗಿನ ಪದಾರ್ಥವೇ ಆಯ್ದ ಉತ್ಪನ್ನ ಅಂತ ಕೇಂದ್ರದ ಕಿರು ಆಹಾರ ಉದ್ದಿಮೆ ಯೋಜನೇಲಿ ಇದೆ. ಯಂತ್ರಕ್ಕೆ ನೂರಕ್ಕೆ ಮೂವತ್ತೈದು ಸಹಾಯಧನ, ರಾಜ್ಯದ್ದು ಮೇಲೆ ಹದಿನೈದು.

ದೊಡ್ಡಮ್ಮ: 2025ರಲ್ಲಿ ಕೊಬ್ಬರಿ ಇಪ್ಪತ್ತು ಸಾವಿರ ದಾಟಿತಲ್ಲ, ಆಗ ನಿಮ್ಮಪ್ಪ ಒಂದು ಉಂಡೆ ಆದ್ರೂ ನಿನ್ನ ಪುಡಿಗೆ ಅಂತ ಉಳಿಸಿದ್ರಾ?

ಮಗಳು: ಇಲ್ಲ. ಎಲ್ಲ ಮಾರಿದ್ರು.

ದೊಡ್ಡಮ್ಮ: ನಾನೂ ಮಾರಿದೆ. ಹನ್ನೆರಡು ಸಾವಿರ ಇದ್ದಾಗ ಒಂದು ಕೆಜಿ ಪುಡಿಗೆ ಬೀಳೋ ಕೊಬ್ಬರಿ ಮೂವತ್ತು ರೂಪಾಯಿದು. ಇಪ್ಪತ್ತು ಸಾವಿರ ಆದ್ರೆ ಐವತ್ತು. ಆಗ ನಿನ್ನ ಸಂಘದಲ್ಲೇ ಯಾರೋ ಒಬ್ಬರು, ಕೊಬ್ಬರಿ ಸ್ವಲ್ಪ ಕಮ್ಮಿ ಮಾಡೋಣ, ಕಡ್ಲೆಬೇಳೆ ಜಾಸ್ತಿ ಹಾಕೋಣ ಅಂತಾರೆ. ಅವತ್ತು ನೀನು ಏನ್ ಹೇಳ್ತೀಯ?

ಮಗಳು: ಪುಡಿ ಬೆಲೆ ಇಪ್ಪತ್ತು ರೂಪಾಯಿ ಏರಿಸ್ತೀನಿ, ಅಳತೆ ಮುಟ್ಟಲ್ಲ ಅಂತೀನಿ. ಪೊಟ್ಟಣದ ಮೇಲೆ ನೂರಕ್ಕೆ ಇಷ್ಟು ಕೊಬ್ಬರಿ ಅಂತ ಅಚ್ಚು ಹಾಕಿಸ್ತೀನಿ. ಅಚ್ಚಾದ ಮೇಲೆ ಕಮ್ಮಿ ಮಾಡೋಕೆ ಬರಲ್ಲ. ಅಳತೆ ಬರ್ಕೊಳ್ಳೋಣ ಅಂದಿದ್ದು ಅದಕ್ಕೂ ಸೇರಿಸಿ.

ದೊಡ್ಡಮ್ಮ: ಹಾಗಾದ್ರೆ ಅಳತೆ ಬರ್ಕೊಳ್ಳೋದಕ್ಕೆ ಒಪ್ಕೊಂಡೆ. ಕೊಬ್ಬರಿ ಬೇರೆ ಪೊಟ್ಟಣಕ್ಕೆ ಇನ್ನೂ ಒಪ್ಪಿಲ್ಲ. ಉಪ್ಪನ್ನ ಬಿಸಿ ಬಾಣಲೇಲಿ ಆಡಿಸಿ ಒಂದು ಚಮಚ ಸೇರಿಸು, ಪಸೆ ಎಳ್ಕೊಳ್ಳುತ್ತೆ. ಇಂಗು ಸೇರಿಸೋದಾದ್ರೆ ಗಟ್ಟಿದು ಹುರಿದು ಹಾಕು. ಪುಡಿ ಪೂರ್ತಿ ಆರೋ ತನಕ ಡಬ್ಬಿ ಮುಚ್ಬೇಡ. ಬಿಸಿ ಇದ್ದಾಗ ಮುಚ್ಚಿದ್ರೆ ಮುಚ್ಚಳದಲ್ಲಿ ಬೆವರು ಕಟ್ಟಿ ಅಲ್ಲಿಂದಾನೇ ಕೆಡೋಕೆ ಶುರುವಾಗೋದು. ಇಷ್ಟು ಮಾಡಿದ್ರೆ ಕೊಬ್ಬರಿ ಸೇರಿಸಿದ್ದೂ ಒಂದೂವರೆ ತಿಂಗಳು ನಿಲ್ಲುತ್ತೆ. ಪೊಟ್ಟಣದ ಮೇಲೆ ನಲವತ್ತೈದು ದಿನ ಅಂತ ಹಾಕ್ಸು.

ಮಗಳು: ನಲವತ್ತೈದು ದಿನ ಅಂದ್ರೆ ಅಂಗಡಿಯೋರು ಮುಟ್ಟೋದಿಲ್ಲ ದೊಡ್ಡಮ್ಮ. ಬೆಂಗಳೂರಿಗೆ ಹೋಗಿ, ಗೋದಾಮಿನಲ್ಲಿ ಕೂತು, ಕಪಾಟಿಗೆ ಬರೋದರೊಳಗೆ ಅದರಲ್ಲಿ ಅರ್ಧ ಮುಗಿದಿರುತ್ತೆ. ಅವರು ಕೇಳೋದು ಆರು ತಿಂಗಳು.

ದೊಡ್ಡಮ್ಮ: ಅಂಗಡಿ ಯಾಕೆ? ಹುಳಿಯಾರು, ನೊಣವಿನಕೆರೆ, ಮಾಯಸಂದ್ರ, ಊರೂರಲ್ಲೂ ಸಂತೆ ಇದೆಯಲ್ಲ.

ಮಗಳು: ಸಂತೇಲಿ ಬಾತಿನ ಪುಡಿ ಕೊಳ್ಳೋರು ಎಷ್ಟು ಜನ? ಅಲ್ಲಿಗೆ ಬರೋ ಹೆಂಗಸರಿಗೆ ಮಾಡೋಕೆ ಬರುತ್ತೆ. ಬೇಕಾಗಿರೋದು ಬೆಂಗಳೂರಲ್ಲಿರೋ ನಮ್ಮೂರ ಮಕ್ಕಳಿಗೆ.

ದೊಡ್ಡಮ್ಮ: ಅವರಿಗೆ ಮನೆಯಿಂದ ಕಾಯಿ, ಕೊಬ್ಬರಿ ಚೀಲದಲ್ಲಿ ಹೋಗೋದಿಲ್ವಾ? ಹಾಗೇ ಕಳಿಸು. ಯಾರು ಕೇಳ್ತಾರೋ ಅವರ ಹೆಸರು ಬರ್ಕೊಂಡು, ತಿಂಗಳಿಗೊಂದು ಸಲ ಹುರಿ.

ಮಗಳು: ಹೆಸರು ಬರ್ಕೊಂಡು ಮಾಡಿದ್ರೆ ಹತ್ತು ಹೆಂಗಸರಿಗೆ ಕೆಲಸ ಸಾಲಲ್ಲ, ಇಬ್ಬರಿಗೆ ಸಾಲುತ್ತೆ.

ದೊಡ್ಡಮ್ಮ: ಹೌದು, ಅದು ನಿಜ.

ಮಗಳು: ಎರಡೂ ಮಾಡ್ತೀನಿ. ಹೆಸರು ಕೊಟ್ಟವರಿಗೆ ನಿನ್ನದು, ಕೊಬ್ಬರಿ ಸೇರಿದ್ದು. ಅಂಗಡಿಗೆ ನನ್ನದು, ಜೋಡಿ ಪೊಟ್ಟಣದ್ದು.

ದೊಡ್ಡಮ್ಮ: ಒಂದೇ ಹೆಸರಲ್ಲಿ ಎರಡು ಪುಡಿ ಮಾರ್ಬೇಡ. ತಿಂದೋರಿಗೆ ಯಾವುದು ಯಾವುದು ಅಂತ ಗೊತ್ತಾಗ್ಬೇಕು. ನಾಳೆ ಬಿಸಿಲು ಬಿದ್ರೆ ಮೆಣಸಿನಕಾಯಿ ಹರಡ್ತೀನಿ, ತಕ್ಕಡಿ ತಗೊಂಡು ಬೆಳಗ್ಗೆನೇ ಬಾ. ಎರಡೂ ಥರ ಹುರಿದು ಒಂದೊಂದು ಡಬ್ಬಿ ಇಡೋಣ. ಯುಗಾದಿಗೆ ಒಂದ್ಸಲ ತೆಗೆದು ಮಾಡೋಣ, ಮುಂಗಾರು ಕೂತ ಮೇಲೆ ಇನ್ನೊಂದ್ಸಲ.

ಮಗಳು: ಮುಂಗಾರಿನ ತನಕ ಕಾಯೋಕಾಗಲ್ಲ. ಸಹಾಯಧನದ ಅರ್ಜಿ ಈ ತಿಂಗಳೇ ಹಾಕ್ಬೇಕು.

ದೊಡ್ಡಮ್ಮ: ಅರ್ಜಿ ಹಾಕು, ಯಾರು ಬೇಡ ಅಂದ್ರು? ಅಂಗಡಿಗೆ ಕೊಡೋದು ಮಾತ್ರ ಮಳೆಗಾಲದ ಡಬ್ಬಿ ಮೂಸಿ ನೋಡಿದ ಮೇಲೆ.